ಬೀಳುವವನೂ ಹಿಡಿಯುವವರೂ

ಇತಿಹಾಸದ ಪುಸ್ತಕಗಳಲ್ಲಿ ‘ಬೀಳುವುದು’ ಎಂಬ ಕ್ರಿಯಾಪದಕ್ಕೆ ಬಿಡುವೇ ಇಲ್ಲ. ೧೫೬೫ರಲ್ಲಿ ವಿಜಯನಗರ ಬಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ ಧೋಂಡಿಯ ವಾಘನ ಬೆನ್ನು ಹತ್ತಿ ಬಂದ ವೆಲ್ಲೆಸ್ಲಿಯ ಸೈನ್ಯಕ್ಕೆ ನಮ್ಮ ರಾಣೇಬೆನ್ನೂರಿನ ಕೋಟೆಯೂ ಬಿದ್ದಿತು. ಹೀಗೆ ಕೋಟೆಗಳು ಬಿದ್ದ ಇಸವಿಗಳನ್ನು ಹುಡುಗರಿಂದ ಬಾಯಿಪಾಠ ಮಾಡಿಸುವುದರಲ್ಲಿಯೇ ನನ್ನ ಉದ್ಯೋಗದ ಇಪ್ಪತ್ತು ವರ್ಷಗಳು ಕಳೆದಿವೆ. ಆದರೆ ಮನುಷ್ಯನು ತಾನಾಗಿ, ತಿಳಿದೂ ತಿಳಿದೂ, ಎತ್ತರದಿಂದ ಕೆಳಗೆ ಬೀಳುವುದಕ್ಕೂ ಒಂದು ಇತಿಹಾಸವಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸ್ಥಳ ದೊರೆತಿಲ್ಲ. ಇಂದು ಅದನ್ನಿಷ್ಟು ವಾಚಕರ ಮುಂದಿಡಬೇಕೆಂದಿದ್ದೇನೆ.

ಇದಕ್ಕೆ ಕಾರಣವೂ ಉಂಟು. ಬೆನ್ನಿಗೊಂದು ಚೀಲ ಹಾಕಿಕೊಂಡು, ಅಗ್ಗದ ವಸತಿಗಳಲ್ಲಿ ಮಲಗುತ್ತ, ನ್ಯೂಜಿಲೆಂಡ್ ದೇಶವನ್ನು ಒಂದು ತಿಂಗಳು ತಿರುಗಿ ಬಂದವನು ನಾನು. ಅಲ್ಲಿ ಒಂದು ದಿನ, ೧೨,೦೦೦ ಅಡಿ ಎತ್ತರದಲ್ಲಿ ಹಾರುತ್ತಿದ್ದ ವಿಮಾನದಿಂದ, ಇನ್ನೊಬ್ಬ ಮನುಷ್ಯನ ಎದೆಗೆ ನನ್ನ ಬೆನ್ನನ್ನು ಕಟ್ಟಿಸಿಕೊಂಡು ಕೆಳಗೆ ಧುಮುಕಿದೆ. ಇದಕ್ಕೆ ಟ್ಯಾಂಡೆಮ್ ಜಿಗಿತವೆಂದು ಹೆಸರು. ಒಂದರ ಹಿಂದೊಂದು ಕುದುರೆ ಹೂಡಿದ ಗಾಡಿಗೂ, ಇಬ್ಬರು ಹಿಂದೆ ಮುಂದೆ ಕುಳಿತು ತುಳಿಯುವ ಸೈಕಲ್ಲಿಗೂ ಇಂಗ್ಲಿಷರು ಇಟ್ಟ ಹೆಸರೇ ಇದು. ಊರಿಗೆ ಮರಳಿದ ಮೇಲೆ ಹಾವೇರಿಯ ಬಸ್‌ಸ್ಟ್ಯಾಂಡಿನಿಂದ ಹಿಡಿದು ಬ್ಯಾಡಗಿಯ ಪೇಟೆಯವರೆಗೆ ಎಲ್ಲರದೂ ಒಂದೇ ಮಾತು: “ಎಂಥಾ ಧೈರ್ಯರೀ ನಿಮ್ಮದು!” ಹೊಗಳಿಕೆ ಯಾರಿಗೆ ಬೇಡ? ಆದರೆ ಈ ಹೊಗಳಿಕೆಯ ಕಾಗದ ಬೇರೆ ಯಾರದೋ ವಿಳಾಸಕ್ಕೆ ಹೋಗಬೇಕಾದದ್ದು ನನ್ನ ಮನೆಗೆ ಬಟವಾಡೆಯಾಗಿದೆಯೆಂದು ನನಗೆ ಅಂದಿನಿಂದಲೂ ಅನಿಸುತ್ತಿದೆ. ಆ ಧೈರ್ಯ ಎಲ್ಲಿತ್ತು, ಯಾರದಿತ್ತು ಎಂದು ಹುಡುಕುತ್ತ ಹೋದರೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಕಥೆಯೊಂದು ಬಿಚ್ಚಿಕೊಳ್ಳುತ್ತದೆ. ಅದರ ಒಂದು ಎಳೆ ನಮ್ಮ ರಾಣೇಬೆನ್ನೂರು ತಾಲೂಕಿನಲ್ಲಿಯೇ ಇದೆ.

ಆ ಎಳೆಯಿಂದಲೇ ಆರಂಭಿಸೋಣ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡ ಮಾಲತೇಶಸ್ವಾಮಿಯ ಕ್ಷೇತ್ರ. ನವರಾತ್ರಿಯ ಕೊನೆಗೆ ಅಲ್ಲಿ ಕಾರ್ಣಿಕ ನಡೆಯುತ್ತದೆ. ತುಂಗಭದ್ರೆಯ ಆಚೆಗೆ, ಈಗ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ನಡೆಯುವುದೂ ಇದೇ ಸಂಪ್ರದಾಯ. ಉಪವಾಸ ವ್ರತದಲ್ಲಿದ್ದ ಗೊರವಯ್ಯ, ಭಕ್ತರು ನೆಟ್ಟಗೆ ನಿಲ್ಲಿಸಿದ ದೊಡ್ಡ ಬಿಲ್ಲನ್ನು ಏರುತ್ತಾನೆ. ಬಿಲ್ಲಿನ ಎತ್ತರ ಹದಿನೈದಿಪ್ಪತ್ತು ಅಡಿ. ತುದಿಗೆ ಮುಟ್ಟಿ, ಆಕಾಶವನ್ನು ದಿಟ್ಟಿಸಿ, “ಸದ್ದಲೇ” ಎಂದು ಕೂಗುತ್ತಾನೆ. ಅಲ್ಲಿಯವರೆಗೆ ಡಮರು, ಡೊಳ್ಳು, ಉಘೇ ಎಂಬ ಕೂಗುಗಳಿಂದ ತುಂಬಿದ್ದ ಬಯಲು ಆ ಒಂದು ಮಾತಿಗೆ ಉಸಿರು ಹಿಡಿದು ನಿಲ್ಲುತ್ತದೆ. ಆಗ ಅವನ ಬಾಯಿಂದ ಒಂದೇ ಒಂದು ವಾಕ್ಯ ಬರುತ್ತದೆ. ಬಂದೊಡನೆ ಅವನು ಕೈಬಿಟ್ಟು ಕೆಳಗೆ ಬೀಳುತ್ತಾನೆ. ಕೆಳಗಿದ್ದವರು ಕಂಬಳಿ ಹಿಡಿದು ಅವನನ್ನು ನೆಲ ಮುಟ್ಟಗೊಡದೆ ಆತುಕೊಳ್ಳುತ್ತಾರೆ.

ಆ ಒಂದು ವಾಕ್ಯದಲ್ಲಿ ಆ ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲವೂ ಅಡಗಿವೆ ಎಂದು ನಮ್ಮ ಭಾಗದ ಜನರ ನಂಬಿಕೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೂ, ರಾಣೇಬೆನ್ನೂರಿನ ಬೀಜದ ಅಂಗಡಿಯವನೂ, ಹಾವೇರಿಯ ವಕೀಲನೂ ಅದರ ಅರ್ಥವನ್ನು ತಂತಮ್ಮ ಅನುಕೂಲಕ್ಕೆ ತಕ್ಕಂತೆ ಬಿಡಿಸಿಕೊಳ್ಳುತ್ತಾರೆ. ಪತ್ರಿಕೆಗಳಲ್ಲಿಯೂ ಅದು ಅಚ್ಚಾಗುತ್ತದೆ. ನನಗೆ ಇಲ್ಲಿ ಬೇಕಾದದ್ದು ಆ ವಾಕ್ಯವಲ್ಲ, ಅದರ ಮರುಕ್ಷಣ. ಗೊರವಯ್ಯ ಕೈಬಿಡುವಾಗ ಕೆಳಗೆ ನೋಡಿ ಲೆಕ್ಕ ಹಾಕುವುದಿಲ್ಲ. ಕಂಬಳಿಯ ಅಂಚನ್ನು ಹಿಡಿದ ಹತ್ತಾರು ಮುಷ್ಟಿಗಳು ಆ ಲೆಕ್ಕವನ್ನು ಅವನ ಪರವಾಗಿ ಹಾಕಿರುತ್ತವೆ. ಒಂದು ಮುಷ್ಟಿ ಸಡಿಲಾದರೆ ಮೂಲೆ ಜಗ್ಗುತ್ತದೆ. ಎರಡು ಸಡಿಲಾದರೆ ಮನುಷ್ಯ ನೆಲಕ್ಕೆ. ಮೆಡ್ಲೇರಿಯ ನೇಕಾರನು ಗಟ್ಟಿಯಾಗಿ ನೆಯ್ದ ಕಂಬಳಿಯನ್ನು ಬಿಗಿಯಾಗಿ ಹಿಡಿದು ನಿಂತ ಆ ಜನರ ಹೆಸರನ್ನು ಯಾರೂ ಕೇಳಿದವರಿಲ್ಲ. ಅಚ್ಚು ಮಾಡಿದವರೂ ಇಲ್ಲ.

ಇನ್ನು ಯುರೋಪಿಗೆ ಹೋಗೋಣ. ಅಲ್ಲಿ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಬಿಡಿಸತೊಡಗಿದರು: ಹಿಡಿಯುವವರು ಕೆಳಗೆ ಇಲ್ಲದಿದ್ದರೆ ಗಾಳಿಯನ್ನೇ ಹಿಡಿಯಲು ಹಚ್ಚಬಹುದೆ? ೧೭೮೩ರ ಡಿಸೆಂಬರಿನಲ್ಲಿ ಫ್ರಾನ್ಸಿನ ಮೊಂಪೆಲಿಯೇ ಎಂಬ ಊರಿನ ವೀಕ್ಷಣಾಲಯದ ಗೋಪುರದಿಂದ ಲೆನೋರ್ಮಾಂ ಎಂಬವನು ಕೊಡೆಯಂಥ ಸಾಧನವೊಂದನ್ನು ಹಿಡಿದು ಕೆಳಗೆ ಇಳಿದನು. ಬೆಂಕಿ ಬಿದ್ದ ಮನೆಯ ಮಾಳಿಗೆಯಲ್ಲಿ ಸಿಕ್ಕಿಕೊಂಡವರು ಜೀವ ಉಳಿಸಿಕೊಳ್ಳಲು ಇದು ಉಪಯೋಗವಾದೀತೆಂಬುದು ಅವನ ಎಣಿಕೆ. ‘ಪ್ಯಾರಾಶೂಟ್’ ಎಂದು ಅದಕ್ಕೆ ಹೆಸರಿಟ್ಟವನೂ ಅವನೇ. ‘ಶೂಟ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಬೀಳುವುದು. ‘ಪ್ಯಾರಾ’ ಎಂದರೆ ಅದರಿಂದ ಕಾಯುವುದು. ಬಂದೂಕಿನ ಶೂಟಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕನ್ನಡದಲ್ಲಿ ಗಾಳಿಕೊಡೆ ಎಂದರು, ಛತ್ರಿ ಎಂದರು. ನಾನು ಛತ್ರಿಯೆಂದೇ ಕರೆಯುತ್ತೇನೆ. ದೇವರ ಮೇಲೆ, ಅರಸರ ಮೇಲೆ ಛತ್ರಿ ಹಿಡಿದು ನಮ್ಮವರಿಗೆ ರೂಢಿಯಿದೆ.

ಗೋಪುರದಿಂದ ಇಳಿಯುವುದು ಬೇರೆ, ಆಕಾಶದಿಂದ ಇಳಿಯುವುದು ಬೇರೆ. ಅದನ್ನು ಮಾಡಿ ತೋರಿಸಿದವನು ಆಂದ್ರೆ ಜಾಕ್ ಗಾರ್ನೆರಾಂ. ಶತ್ರುಗಳ ಕೈಗೆ ಸಿಕ್ಕು ಹಂಗೆರಿಯಲ್ಲಿ ಸೆರೆಯಲ್ಲಿದ್ದಾಗ ತಪ್ಪಿಸಿಕೊಳ್ಳುವ ಉಪಾಯವನ್ನು ಯೋಚಿಸುತ್ತ ಅವನಿಗೆ ಈ ಛತ್ರಿಯ ವಿಚಾರ ತಲೆಗೆ ಹೊಕ್ಕಿತಂತೆ. ೧೭೯೭ರ ಅಕ್ಟೋಬರ್ ೨೨ರಂದು ಪ್ಯಾರಿಸ್ಸಿನ ಮೊನ್ಸೋ ಉದ್ಯಾನದ ಮೇಲೆ, ಸುಮಾರು ೩,೦೦೦ ಅಡಿ ಎತ್ತರದಲ್ಲಿ, ಬಲೂನಿಗೆ ಕಟ್ಟಿದ ಹಗ್ಗವನ್ನು ಅವನು ಕಡಿದನು. ಮೇಲೆ ರೇಷ್ಮೆಯ ಛತ್ರಿ, ಕೆಳಗೆ ಅವನು ನಿಂತ ಬುಟ್ಟಿ. ಛತ್ರಿಯ ನೆತ್ತಿಯಲ್ಲಿ ಗಾಳಿ ಹೊರಬೀಳಲು ರಂಧ್ರವಿರಲಿಲ್ಲವಾದ್ದರಿಂದ ಒಳಗೆ ಸಿಕ್ಕ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಗ್ಗಿ, ಬುಟ್ಟಿ ತೊಟ್ಟಿಲಿನಂತೆ ತೂಗಾಡಿತು. ಆದರೂ ಅವನು ಜೀವಂತ ಇಳಿದನು. ನೆತ್ತಿಯಲ್ಲಿ ಒಂದು ರಂಧ್ರ ಬಿಟ್ಟರೆ ತೂಗಾಟ ಕಡಿಮೆಯಾಗುತ್ತದೆಂಬ ತಿಳಿವಳಿಕೆ ಆ ಬಳಿಕ ಬಂದಿತು. ೧೭೯೯ರ ಅಕ್ಟೋಬರಿನಲ್ಲಿ ಅವನ ಶಿಷ್ಯೆ, ಮುಂದೆ ಅವನ ಹೆಂಡತಿಯಾದ ಜೆನೆವಿಯೆವ್ ಲಾಬ್ರೋಸ್ ಛತ್ರಿಯಿಂದ ಇಳಿದು ಮೊದಲ ಮಹಿಳೆ ಎನಿಸಿಕೊಂಡಳು. ಶ್ರೀರಂಗಪಟ್ಟಣ ಬಿದ್ದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಒಂದು ಬೀಳುವಿಕೆಯನ್ನು ನಾವು ಮರೆತಿಲ್ಲ. ಇನ್ನೊಂದನ್ನು ಕೇಳಿಯೇ ಇಲ್ಲ.

ಎಲ್ಲರೂ ಅವರಂತೆ ಪಾರಾಗಲಿಲ್ಲ. ೧೮೩೭ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಕಾಕಿಂಗ್ ಎಂಬ ಅರವತ್ತು ದಾಟಿದ ಚಿತ್ರಕಾರನು, ತೂಗಾಡದಂಥ ಛತ್ರಿ ಮಾಡುವೆನೆಂದು ಅದನ್ನು ತಲೆಕೆಳಗು ಮಾಡಿ, ಬೋರಲು ಹಾಕಿದ ಕೊಡೆಯಂತೆ ರಚಿಸಿದನು. ಅವನ ಲೆಕ್ಕದಲ್ಲಿ ಮನುಷ್ಯನ ತೂಕ ಸೇರಿತ್ತು. ಛತ್ರಿಯ ತೂಕ ಸೇರಿರಲಿಲ್ಲ. ಅದು ಇನ್ನೂರು ಪೌಂಡಿಗೂ ಮಿಕ್ಕಿತ್ತು. ಬಲೂನಿನಿಂದ ಬಿಡಿಸಿಕೊಂಡ ಸ್ವಲ್ಪ ಹೊತ್ತಿಗೆ ಅದು ಮುರಿದು ಅವನು ಸತ್ತನು. ಅವನಿಗೆ ಧೈರ್ಯದ ಕೊರತೆ ಇತ್ತೆಂದು ಯಾರೂ ಹೇಳಲಾರರು. ಹಿಡಿಯುವ ಸಾಧನ ಸರಿಯಿಲ್ಲದಿದ್ದಾಗ ಬೀಳುವವನ ಧೈರ್ಯದಿಂದ ಏನೂ ಆಗದು ಎಂಬ ಪಾಠಕ್ಕೆ ಆ ಮುದುಕ ತನ್ನ ಜೀವವನ್ನೇ ತೆತ್ತನು.

ನಮ್ಮ ದೇಶಕ್ಕೆ ಈ ವಿದ್ಯೆ ತಮಾಷೆಯ ರೂಪದಲ್ಲಿ ಬಂತು. ೧೮೮೯ರಲ್ಲಿ ಪರ್ಸಿವಲ್ ಸ್ಪೆನ್ಸರ್ ಎಂಬ ಇಂಗ್ಲಿಷ್ ಬಲೂನುಗಾರ ಮುಂಬಯಿಯಲ್ಲೂ ಕಲಕತ್ತೆಯಲ್ಲೂ ಜನರಿಗೆ ಟಿಕೆಟು ಮಾರಿ ಆಕಾಶದಿಂದ ಇಳಿದು ತೋರಿಸಿದನು. ಕಲಕತ್ತೆಯಲ್ಲಿ ಅವನನ್ನು ನೋಡಿ ಸುಮ್ಮನೆ ಮನೆಗೆ ಹೋಗದವನೊಬ್ಬನಿದ್ದನು. ರಾಮಚಂದ್ರ ಚಟರ್ಜಿ ಎಂದು ಅವನ ಹೆಸರು; ಸರ್ಕಸ್ಸಿನಲ್ಲಿ ಕಸರತ್ತು ಮಾಡುತ್ತಿದ್ದವನು. ಸ್ಪೆನ್ಸರನಿಂದ ವಿದ್ಯೆ ಕಲಿತು ಮೊದಲು ಬಲೂನಿನಲ್ಲಿ ಏರಿದನು. ೧೮೯೦ರಲ್ಲಿ ಛತ್ರಿಯಿಂದ ಇಳಿದನು. ಬಿಳಿಯರು ಮಾಡುವುದನ್ನು ನಮ್ಮವರೂ ಮಾಡಬಲ್ಲರು ಎಂದು ತೋರಿಸುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಇಲ್ಲಿಯವರೆಗೆ ಹೇಳಿದವರೆಲ್ಲ ಒಬ್ಬೊಬ್ಬರೇ ಬಿದ್ದವರು. ಇಬ್ಬರು ಒಂದೇ ಛತ್ರಿಯ ಕೆಳಗೆ ಇಳಿದ ಪ್ರಸಿದ್ಧ ಕಥೆ ೧೯೦೮ರ ಜೂನ್ ತಿಂಗಳದು. ಅದು ನಡೆದದ್ದು ಅಕಸ್ಮಾತ್ತಾಗಿ. ಡಾಲಿ ಶೆಫರ್ಡ್ ಎಂಬ ಇಪ್ಪತ್ತೊಂದು ವರ್ಷದ ಹುಡುಗಿ, ಹಿಂದೆ ಲಂಡನ್ನಿನ ಉಪಾಹಾರಗೃಹದಲ್ಲಿ ಬಡಿಸುವ ಕೆಲಸದಲ್ಲಿದ್ದವಳು, ಆಗ ಊರೂರ ಜಾತ್ರೆಗಳಲ್ಲಿ ಬಲೂನಿನಿಂದ ಜಿಗಿಯುವ ಪ್ರದರ್ಶನ ಕೊಡುತ್ತಿದ್ದಳು. ಆ ದಿನ ಇಂಗ್ಲೆಂಡಿನ ಲಾಂಗ್‌ಟನ್ ಎಂಬ ಊರಿನಲ್ಲಿ ಅವಳೊಡನೆ ಲೂಯಿ ಮೇ ಎಂಬ ಇನ್ನೊಬ್ಬಳೂ ಅದೇ ಬಲೂನಿನಿಂದ ನೇತುಬಿದ್ದು ಮೇಲಕ್ಕೇರಿದಳು. ಲೂಯಿಗೆ ಅದು ಮೊದಲ ಸಲ. ಮೇಲೆ ಹೋದ ಮೇಲೆ ಲೂಯಿಯ ಛತ್ರಿಯನ್ನು ಬಲೂನಿನಿಂದ ಬಿಡಿಸುವ ಕೊಂಡಿ ಕಚ್ಚಿಕೊಂಡಿತು. ಎಷ್ಟು ಎಳೆದರೂ ಬಿಡಲಿಲ್ಲ. ಬಲೂನು ಮೇಲಕ್ಕೇ ಹೋಗುತ್ತಿತ್ತು. ಡಾಲಿಯ ಛತ್ರಿ ಸರಿಯಾಗಿಯೇ ಇತ್ತು. ಅವಳು ತನ್ನ ಪಾಡಿಗೆ ತಾನು ಇಳಿದು ಹೋಗಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ತೂಗಿಕೊಂಡು ಗೆಳತಿಯ ಬಳಿಗೆ ಸರಿದು, ಕೈಕಾಲುಗಳಿಂದ ತನ್ನನ್ನು ಬಿಗಿಯಾಗಿ ಅಪ್ಪಿಕೊಳ್ಳೆಂದು ಹೇಳಿ, ತನ್ನ ಒಂದೇ ಛತ್ರಿಯಿಂದ ಇಬ್ಬರನ್ನೂ ಕೆಳಗಿಳಿಸಿದಳು. ಒಬ್ಬರಿಗೆಂದು ಮಾಡಿದ ಛತ್ರಿ ಇಬ್ಬರ ಭಾರಕ್ಕೆ ವೇಗವಾಗಿ ಇಳಿಯಿತು. ಲೂಯಿಗೆ ಪೆಟ್ಟಾಗಲಿಲ್ಲ. ಡಾಲಿಯ ಬೆನ್ನು ನೆಲಕ್ಕೆ ಬಡಿದು ಕಾಲುಗಳ ಶಕ್ತಿಯೇ ಹೋಯಿತು. ಬಹಳ ದಿನ ಹಾಸಿಗೆ ಹಿಡಿದು, ಚಿಕಿತ್ಸೆ ಪಡೆದು ಎದ್ದವಳು ಮತ್ತೆ ಬಲೂನು ಏರಿದಳು.

ಮೊದಲ ಸಲ ಬೀಳುವವಳು ಮುಂದೆ, ಬೀಳುವುದನ್ನು ಬಲ್ಲವಳು ಅವಳನ್ನು ಹಿಡಿದುಕೊಂಡು: ಇಂದಿನ ಟ್ಯಾಂಡೆಮ್ ಜಿಗಿತದ ಇಡೀ ತತ್ವ ಇದಿಷ್ಟೇ. ೧೯೦೮ರಲ್ಲಿ ಒಬ್ಬ ಹುಡುಗಿಯ ಮನಸ್ಸಿನಲ್ಲಿ ಕ್ಷಣಮಾತ್ರದಲ್ಲಿ ಹೊಳೆದದ್ದನ್ನು ಪಟ್ಟಿ, ಕೊಂಡಿ, ಬಟ್ಟೆಗಳಲ್ಲಿ ಕಟ್ಟಿ ನಿಲ್ಲಿಸಲು ಇಂಜಿನಿಯರುಗಳಿಗೆ ಇನ್ನೂ ಎಪ್ಪತ್ತೈದು ವರ್ಷ ಬೇಕಾದವು.

ನಡುವೆ ವಿಮಾನ ಬಂತು. ಎರಡು ಮಹಾಯುದ್ಧಗಳು ಬಂದವು. ಬೀಳುವಾಗ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ, ಆದ್ದರಿಂದ ತನ್ನ ಛತ್ರಿಯನ್ನು ತಾನೇ ಬಿಚ್ಚಿಕೊಳ್ಳಲಾರನು ಎಂದು ಬಹುಜನ ತಿಳಿದವರೇ ನಂಬಿದ್ದರು. ೧೯೧೯ರ ಏಪ್ರಿಲ್ ೨೮ರಂದು ಅಮೆರಿಕದ ಲೆಸ್ಲಿ ಅರ್ವಿನ್ ವಿಮಾನದಿಂದ ಜಿಗಿದು, ಬೀಳುತ್ತಲೇ ತನ್ನ ಕೈಯಿಂದ ಎಳೆದಾರವನ್ನು ಜಗ್ಗಿ, ಆ ನಂಬಿಕೆಯನ್ನು ಸುಳ್ಳು ಮಾಡಿದನು. ಇಳಿಯುವಾಗ ಅವನ ಕಾಲಿನ ಹರಡು ಮುರಿಯಿತು. ಪುಣ್ಯಕ್ಕೆ ಎಚ್ಚರವಿದ್ದುದರಿಂದ ಆ ನೋವೂ ಚೆನ್ನಾಗಿ ತಿಳಿದಿರಬೇಕು. ಛತ್ರಿಯಿಂದ ಜೀವ ಉಳಿದ ವೈಮಾನಿಕರಿಗೆಂದು ಮುಂದೆ ಒಂದು ಸಂಘವೇ ಹುಟ್ಟಿತು. ಅದರ ಹೆಸರು ಕ್ಯಾಟರ್‌ಪಿಲ್ಲರ್ ಕ್ಲಬ್, ಎಂದರೆ ಕಂಬಳಿಹುಳುವಿನ ಸಂಘ. ಛತ್ರಿಗೆ ರೇಷ್ಮೆ ಕೊಟ್ಟ ಹುಳುವಿನ ಋಣವನ್ನು ನೆನೆದು ಇಟ್ಟ ಹೆಸರು. ನಮ್ಮ ಹಾವೇರಿ ಸೀಮೆಯಲ್ಲಿಯೂ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ರೈತರಿದ್ದಾರೆ. ತಮ್ಮ ಹುಳುವಿಗೆ ಇಂಥ ಮರ್ಯಾದೆ ಎಲ್ಲಿಯೋ ಸಂದಿದೆಯೆಂದು ಕೇಳಿದರೆ ಅವರಿಗೆ ಸಂತೋಷವಾದೀತು.

ಎರಡನೆಯ ಮಹಾಯುದ್ಧದಲ್ಲಿ ಜಪಾನು ಶತ್ರುಪಕ್ಷಕ್ಕೆ ಸೇರಿದೊಡನೆ ಮಿತ್ರರಾಷ್ಟ್ರಗಳಿಗೆ ಅಲ್ಲಿಂದ ಬರುತ್ತಿದ್ದ ರೇಷ್ಮೆ ನಿಂತಿತು. ಒಂದೆಡೆ ನೈಲಾನು ಬಂದಿತು. ಇನ್ನೊಂದೆಡೆ ಮೈಸೂರು ಸಂಸ್ಥಾನದ ರೇಷ್ಮೆಗೆ ಬೇಡಿಕೆ ಏರಿತು. ೧೯೪೧ರಲ್ಲಿ ಕಾನ್ಪುರದಲ್ಲಿ ಛತ್ರಿಯ ಕಾರ್ಖಾನೆ ಸ್ಥಾಪನೆಯಾಯಿತು. ಬರ್ಮಾದ ಕಾಡುಗಳಲ್ಲಿ ಹೋರಾಡುತ್ತಿದ್ದ ಸೈನ್ಯಕ್ಕೆ ಆಹಾರ, ಮದ್ದುಗುಂಡು ಇಳಿಸಲು ಛತ್ರಿಗಳು ಸಾಲದೆ ಹೋದಾಗ, ಜನರಲ್ ಸ್ಲಿಮ್ ಕಲಕತ್ತೆಯ ಸೆಣಬಿನ ಗಿರಣಿಗಳಿಂದ ಸೆಣಬಿನ ಛತ್ರಿಗಳನ್ನೇ ಮಾಡಿಸಿದನು. ಗೋಣಿಚೀಲದ ಜಾತಿಯ ಬಟ್ಟೆ! ಅದು ಸಾಮಾನು ಇಳಿಸುವುದಕ್ಕೆ, ಮನುಷ್ಯರಿಗಲ್ಲ. ಆದರೂ ಕೆಲಸ ನಡೆಯಿತು.

ಇದೇ ೧೯೪೧ರಲ್ಲಿ ನಮ್ಮ ದೇಶದ ಛತ್ರಿದಳವೂ ಹುಟ್ಟಿತು. ಭಾರತೀಯ ಸೈನಿಕರಲ್ಲಿ ಮೊದಲು ಧುಮುಕಿದವರೆಂದು ಹವಾಲ್ದಾರ್ ಮೇಜರ್ ಮಥುರಾ ಸಿಂಗರೊಡನೆ ಹೇಳುವ ಹೆಸರು ಲೆಫ್ಟಿನೆಂಟ್ ಎ. ಜಿ. ರಂಗರಾಜ್ ಅವರದು. ರಂಗರಾಜ್ ವೈದ್ಯರು. ಹತ್ತು ವರ್ಷಗಳ ತರುವಾಯ, ೧೯೫೧ರ ಮಾರ್ಚ್ ೨೩ರಂದು, ಕೊರಿಯಾ ಯುದ್ಧದಲ್ಲಿ ಅಮೆರಿಕದ ಛತ್ರಿಸೈನಿಕರು ಮುನ್ಸಾನ್ ಎಂಬಲ್ಲಿ ಇಳಿದಾಗ, ಗಾಯಾಳುಗಳನ್ನು ಅಲ್ಲಿಯೇ ನೋಡಿಕೊಳ್ಳಲೆಂದು ಭಾರತದ ೬೦ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸಿನ ತಂಡವೊಂದು ಅವರೊಡನೆ ಧುಮುಕಿತು. ಆ ಘಟಕದ ನಾಯಕರು ಲೆಫ್ಟಿನೆಂಟ್ ಕರ್ನಲ್ ರಂಗರಾಜ್. ಅವರಿಗೆ ಮಹಾವೀರ ಚಕ್ರ ಸಂದಿತು. ೧೯೫೯ರಲ್ಲಿ ಛತ್ರಿಯಿಂದ ಧುಮುಕಿದ ಮೊದಲ ಭಾರತೀಯ ಮಹಿಳೆ ವಾಯುಪಡೆಯ ಗೀತಾ ಚಂದ. ಅವರೂ ವೈದ್ಯರೇ. ಈ ಸಂಗತಿಯನ್ನು ನಾನು ಕಾಕತಾಳೀಯವೆಂದು ಬಿಟ್ಟುಬಿಡಲಾರೆ. ಬಿದ್ದು ಪೆಟ್ಟು ತಿಂದವರನ್ನು ಎತ್ತಿಕೊಳ್ಳುವವನು ಅವರ ಜೊತೆಗೆ ತಾನೂ ಬೀಳಬೇಕಾಗುತ್ತದೆ. ಕಂಬಳಿ ಹಿಡಿಯುವವರು ಬಯಲಿನಲ್ಲಿ ಕಾಯುತ್ತ ನಿಲ್ಲಬಹುದು. ಯುದ್ಧಭೂಮಿಯಲ್ಲಿ ಅಷ್ಟು ಬಿಡುವು ಯಾರು ಕೊಡುತ್ತಾರೆ?

ಯುದ್ಧ ಮುಗಿದ ಮೇಲೆ ಸೈನಿಕನ ಈ ವಿದ್ಯೆ ಕ್ರೀಡೆಯಾಯಿತು. ಆದರೆ ಹೊಸಬನು ಮೊದಲ ಸಲವೇ ಒಬ್ಬನೇ ಬೀಳಬೇಕಾಗಿತ್ತು. ನೆಲದ ಮೇಲೆ ಪಾಠ ಹೇಳಿಸಿಕೊಂಡು, ವಿಮಾನಕ್ಕೆ ಕಟ್ಟಿದ ದಾರ ತನ್ನ ಛತ್ರಿಯನ್ನು ಬಿಚ್ಚೀತೆಂದು ನಂಬಿ, ಬಾಗಿಲಿನಿಂದ ಹೊರಗೆ ಕಾಲಿಡುವುದು ಅಂದಿನ ಪದ್ಧತಿ. ಗುರು ವಿಮಾನದಲ್ಲಿಯೇ ಉಳಿಯುತ್ತಿದ್ದನು. ಗುರುಶಿಷ್ಯರನ್ನು ಒಂದೇ ಛತ್ರಿಗೆ ಕಟ್ಟುವ ಯೋಚನೆಯನ್ನು ೧೯೮೩-೮೪ರ ಹೊತ್ತಿಗೆ ಅಮೆರಿಕದಲ್ಲಿ ಟೆಡ್ ಸ್ಟ್ರಾಂಗ್ ಮತ್ತು ಬಿಲ್ ಬೂತ್ ಎಂಬ ಇಬ್ಬರು ಛತ್ರಿ ತಯಾರಕರು ಬೇರೆ ಬೇರೆಯಾಗಿ ಕಾರ್ಯಗತ ಮಾಡಿದರು. ಡಾಲಿ ಶೆಫರ್ಡ್ ತೊಂಬತ್ತಾರು ವರ್ಷ ಬದುಕಿ ತೀರಿಕೊಂಡದ್ದೂ ೧೯೮೩ರಲ್ಲಿಯೇ. ಅಮೆರಿಕದ ಸರಕಾರ ಮೊದಲು ಇದನ್ನು ಪ್ರಯೋಗವೆಂದು ಮಾತ್ರ ನಡೆಯಗೊಟ್ಟಿತು. ಪೂರ್ಣ ಮಾನ್ಯತೆ ದೊರೆತದ್ದು ೨೦೦೧ರಲ್ಲಿ.

ಇದರಲ್ಲಿ ತೊಡಕುಗಳು ಕಡಿಮೆ ಇರಲಿಲ್ಲ. ಒಬ್ಬ ಮನುಷ್ಯ ಹೊಟ್ಟೆ ಕೆಳಗಾಗಿ ಬೀಳುವಾಗ ಗಾಳಿಯ ತಡೆಯೂ ಅವನ ಭಾರವೂ ಸರಿದೂಗಿ, ವೇಗ ತಾಸಿಗೆ ಸುಮಾರು ೧೯೦ ಕಿಲೋಮೀಟರಿಗೆ ನಿಲ್ಲುತ್ತದೆ. ಒಬ್ಬನ ಬೆನ್ನಿಗೆ ಇನ್ನೊಬ್ಬನನ್ನು ಕಟ್ಟಿದರೆ ಭಾರ ಇಮ್ಮಡಿಯಾಗುತ್ತದೆ, ಗಾಳಿಗೆ ಒಡ್ಡಿದ ಮೈ ಅಷ್ಟೇ ಉಳಿಯುತ್ತದೆ. ವೇಗ ಬಹಳ ಏರುತ್ತದೆ. ಆ ವೇಗದಲ್ಲಿ ದೊಡ್ಡ ಛತ್ರಿ ಫಕ್ಕನೆ ಬಿಚ್ಚಿಕೊಂಡರೆ ಬಟ್ಟೆಯೂ ಹರಿಯಬಹುದು, ಎಲುಬೂ ಮುರಿಯಬಹುದು. ಅದಕ್ಕೆಂದು ಜಿಗಿದ ಕೆಲವೇ ಕ್ಷಣಗಳಲ್ಲಿ ಹಿಂದಕ್ಕೆ ಒಂದು ಚಿಕ್ಕ ಛತ್ರಿಯನ್ನು ಬಿಡುತ್ತಾರೆ. ಅದು ಇಬ್ಬರನ್ನೂ ಒಬ್ಬನ ವೇಗಕ್ಕೆ ಎಳೆದು ಹಿಡಿಯುತ್ತದೆ. ದೊಡ್ಡ ಛತ್ರಿ ಈಗ ದುಂಡಗಿಲ್ಲ. ೧೯೬೦ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಎಂಬ ಗಾಳಿಪಟ ಕಟ್ಟುವ ಕುಶಲಿ ಕಂಡುಹಿಡಿದ, ಗಾಳಿ ತುಂಬಿಕೊಂಡು ರೆಕ್ಕೆಯಾಗುವ ಚೌಕದ ಛತ್ರಿ ಅದು. ಅದು ಕೈಕೊಟ್ಟರೆ ಕಳಚಿ ಒಗೆಯಲು ಒಂದರೊಳಗೊಂದು ಸೇರಿದ ಮೂರು ಉಂಗುರಗಳ ಕೀಲಿದೆ. ಬಿಲ್ ಬೂತನೇ ೧೯೭೦ರ ದಶಕದಲ್ಲಿ ಮಾಡಿದ್ದು. ಆಮೇಲೆ ಎರಡನೆಯ ಛತ್ರಿ ಬಿಚ್ಚಿಕೊಳ್ಳುತ್ತದೆ. ಇಬ್ಬರೂ ಎಚ್ಚರ ತಪ್ಪಿದರೆ ನೆಲದಿಂದ ಸುಮಾರು ೨,೦೦೦ ಅಡಿ ಎತ್ತರದಲ್ಲಿ ತಾನಾಗಿಯೇ ಅದನ್ನು ಬಿಚ್ಚುವ ಯಂತ್ರವೂ ಇದೆ. ಜರ್ಮನಿಯ ಹೆಲ್ಮುಟ್ ಕ್ಲೋಟ್ ೧೯೯೧ರಲ್ಲಿ ಇಂಥ ನಂಬಿಗಸ್ತ ಯಂತ್ರವನ್ನು ಹೊರತಂದನು. ಇಷ್ಟೆಲ್ಲ ಆದರೂ ಅಪಾಯ ಪೂರ್ತಿ ಹೋಗಿಲ್ಲ. ಸಾವುಗಳು ಆಗಿವೆ, ಆದಾಗ ಶಿಷ್ಯನೊಡನೆ ಗುರುವೂ ಹೋದದ್ದುಂಟು. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರ ಪಾಲು ಒಂದೇ.

ಈಗ ನನ್ನ ಜಿಗಿತದ ಮಾತು. ಅದು ಹೆಚ್ಚು ಹೊತ್ತಿನದಲ್ಲ. ಸ್ಥಳ ನ್ಯೂಜಿಲೆಂಡಿನ ಟಾಪೋ ಸರೋವರದ ದಂಡೆ. ಹಿಂದೊಮ್ಮೆ ಜ್ವಾಲಾಮುಖಿ ಬಾಯಿಬಿಟ್ಟ ಕುಳಿಯಲ್ಲಿ ನೀರು ನಿಂತು ಆದ ಸರೋವರ ಅದು. ವಿಸ್ತಾರ ೬೦೦ ಚದರ ಕಿಲೋಮೀಟರಿಗೂ ಹೆಚ್ಚು. ದಕ್ಷಿಣಕ್ಕೆ ಹಿಮ ಹೊದ್ದ ರುಆಪೇಹು ಪರ್ವತ. ನನ್ನ ಬೆನ್ನಚೀಲವನ್ನು ಒಂದು ಗೂಟಕ್ಕೆ ತೂಗುಹಾಕಿಸಿ, ಅದರ ಬದಲು ಮೈಗೆ ಪಟ್ಟಿಗಳ ಕವಚ ತೊಡಿಸಿದರು. ನನ್ನ ಗುರು ಮಧ್ಯವಯಸ್ಸಿನ, ಮಿತಭಾಷಿಯಾದ ಮನುಷ್ಯ. ವಿಮಾನ ಮೇಲೇರುತ್ತಿದ್ದಂತೆ ಅವನು ನನ್ನ ಹೆಗಲ ಬಳಿ ಎರಡು, ಸೊಂಟದ ಬಳಿ ಎರಡು ಕೊಂಡಿಗಳನ್ನು ಸಿಕ್ಕಿಸಿ, ಒಂದೊಂದನ್ನೂ ಕೈಯಿಂದ ಜಗ್ಗಿ ನೋಡಿದನು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದನು. ಬಾಗಿಲು ತೆರೆಯುವ ಮುಂಚೆ ಮೂರನೆಯ ಸಲ ನೋಡಿದನು. ಚಿಕ್ಕಂದಿನಲ್ಲಿ ಜಾತ್ರೆಗೆ ಹೊರಡುವಾಗ ಅವ್ವ ನನ್ನ ಅಂಗಿಯ ಗುಂಡಿಗಳನ್ನು ಹೀಗೆಯೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಬಾಗಿಲಿನ ಅಂಚಿಗೆ ಬಂದಾಗ ನಾನು ಕುಳಿತದ್ದು ವಿಮಾನದ ಮೇಲಲ್ಲ, ಅವನ ಮೇಲೆ. ನನ್ನ ಕಾಲುಗಳು ಆಗಲೇ ಆಕಾಶದಲ್ಲಿದ್ದವು. ಧುಮುಕಬೇಕೆಂಬ ತೀರ್ಮಾನವನ್ನು ಆ ಕ್ಷಣದಲ್ಲಿ ಮಾಡಿದವನು ನಾನಲ್ಲ. ಅವನು ಮುಂದಕ್ಕೆ ಬಾಗಿದನು, ಅಷ್ಟೆ. ಮೊದಲು ಕಿವಿ ತುಂಬ ಗಾಳಿಯ ಮೊರೆತ. ಹೊಟ್ಟೆಯಲ್ಲಿ ಉಯ್ಯಾಲೆಯ ಕಳವಳ ಆದೀತೆಂದು ಹೆದರಿದ್ದೆ. ಅದು ಅಷ್ಟಾಗಿ ಆಗಲಿಲ್ಲ. ಬೀಳುತ್ತಿದ್ದೇನೆ ಎಂದೂ ಅನಿಸಲಿಲ್ಲ. ಹಾಸಿಗೆಯಷ್ಟು ಗಟ್ಟಿಯಾದ ಗಾಳಿಯ ಮೇಲೆ ಬೋರಲು ಮಲಗಿದಂತೆ ಇತ್ತು. ಮುಕ್ಕಾಲು ನಿಮಿಷದಷ್ಟು ಹೊತ್ತು ಹೀಗೆ. ಆಮೇಲೆ ಹೆಗಲಿಗೆ ಒಂದು ಜಗ್ಗು, ತಲೆಯ ಮೇಲೆ ಬಟ್ಟೆ ಪಟಪಟಿಸಿ ಬಿಚ್ಚಿಕೊಂಡ ಸದ್ದು, ಅದರ ಹಿಂದೆಯೇ ಎಲ್ಲವೂ ನಿಶ್ಶಬ್ದ. ಆ ಮೌನದಲ್ಲಿ ನನ್ನ ಗುರು ಅಂದು ಆಡಿದ ಅತಿ ದೀರ್ಘವಾದ ಮಾತನ್ನು ಆಡಿದನು: ಪಟ್ಟಿ ತೊಡೆಗೆ ಒತ್ತುತ್ತಿದೆಯೇ, ಸಡಿಲಿಸಬೇಕೇ ಎಂದು ಕೇಳಿದನು. ಸರೋವರದ ನೀಲಿ, ದಂಡೆಯ ಊರು, ಹುಲ್ಲುಗಾವಲು ಎಲ್ಲವೂ ನಿಧಾನವಾಗಿ ದೊಡ್ಡವಾದವು. ಕಾಲು ಎತ್ತೆಂದನು, ಎತ್ತಿದೆ. ಹುಲ್ಲಿನ ಮೇಲೆ ಕುಳಿತಂತೆ ಇಳಿದೆವು. ನಾನು ಮಾಡಿದ ಕೆಲಸವೆಂದರೆ ಹೇಳಿದಾಗ ಕೈ ಬಿಚ್ಚಿದ್ದು, ಹೇಳಿದಾಗ ಕಾಲು ಎತ್ತಿದ್ದು.

ಈ ವೃತ್ತಾಂತವನ್ನು ಬ್ಯಾಡಗಿಯಲ್ಲಿ ನನ್ನ ಅಕ್ಕನಿಗೆ ಹೇಳಿದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದಲ್ಲಿ ಮೂವತ್ತು ವರ್ಷ ಪಳಗಿದ ಕೈ ಅವಳದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ದೇಶ ವಿದೇಶಗಳಲ್ಲಿ ಹೆಸರಾಗಿ, ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ಬ್ಯಾಡಗಿ ಮೆಣಸಿನಕಾಯಿ, ಅವಳಂಥ ಸಾವಿರಾರು ಹೆಂಗಸರ ಬೆರಳುಗಳನ್ನು ದಾಟಿಯೇ ಊರು ಬಿಡುತ್ತದೆ. ಅವಳು ಎಲ್ಲರಂತೆ ‘ಎಂಥಾ ಧೈರ್ಯ’ ಎನ್ನಲಿಲ್ಲ. ಪೂರಾ ಕೇಳಿ ಕೊನೆಗೆ ಕೇಳಿದಳು:

“ಅಲ್ಲೋ ತಮ್ಮಾ, ಗುಡ್ಡದಾಗ ಗೊರವಯ್ಯ ಬಿದ್ರ ಕಂಬಳಿ ಹಿಡಿಯಾಕ ನಮ್ಮ ಮಂದಿ ಇರ್ತಾರ. ನಿನಗ ಅಲ್ಲೆ ಯಾರಿದ್ರು?”

“ನನ್ನನ್ನ ಕಟಿಗೊಂಡಾವ ಒಬ್ಬ ಇದ್ದನಲ್ಲಕ್ಕಾ” ಎಂದೆ.

“ಅವ ನಿನ್ನಕೂಡ ಬೀಳಾವ. ಇಬ್ರನೂ ಹಿಡಿಯೂ ಅರಿವಿ ಮಡಚಿದಾವ್ರು ಯಾರು ಅಂತ ಕೇಳಾಕತ್ತೇನಿ.”

ಎರಡು ನೂರು ವರ್ಷಗಳ ಇತಿಹಾಸವನ್ನು ಅವಳು ಒಂದೇ ಪ್ರಶ್ನೆಯಲ್ಲಿ ಹಿಡಿದಳು. ಅದಕ್ಕೆ ಉತ್ತರವಿದೆ, ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಛತ್ರಿ ಮಡಚುವುದು ಒಂದು ಪ್ರತ್ಯೇಕ ವೃತ್ತಿ. ದೊಡ್ಡ ಛತ್ರಿಯನ್ನು ಪ್ರತಿ ಜಿಗಿತದ ನಂತರ ನೆಲದ ಮೇಲೆ ಹರವಿ, ದಾರಗಳನ್ನು ಒಂದೊಂದಾಗಿ ನೇರ ಮಾಡಿ, ಪದರು ಪದರಾಗಿ ಮಡಚಿ, ಚೀಲಕ್ಕೆ ಸೇರಿಸುವವರು ಇದ್ದಾರೆ. ಎರಡನೆಯ ಛತ್ರಿಯನ್ನಂತೂ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರೇ ಗೊತ್ತಾದ ಅವಧಿಗೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚುತ್ತಾರೆ. ಮಡಚಿದ ಮೇಲೆ ಮೊಹರು ಹಾಕಿ, ಚೀಟಿಯಲ್ಲಿ ತಾರೀಖು ಬರೆದು ತಮ್ಮ ಸಹಿ ಹಾಕುತ್ತಾರೆ. ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಹೆಂಗಸರೇ ಉದ್ದನೆಯ ಮೇಜುಗಳ ಮುಂದೆ ನಿಂತು ಮಾಡಿದರು. ಅವರು ಮಡಚಿದ ಛತ್ರಿ ಎಲ್ಲಿ, ಯಾರ ಮೇಲೆ ಬಿಚ್ಚಿಕೊಂಡಿತೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಬಿಚ್ಚಿಕೊಳ್ಳಬೇಕೆಂಬುದು ಮಾತ್ರ ತಿಳಿದಿತ್ತು.

ಇದನ್ನು ಕೇಳಿ ಅಕ್ಕ, “ಸಹಿ ಮಾಡ್ತಾರಂದ್ರ ಚಲೋ ಮಂದಿ” ಎಂದಳು.

ನಾನೂ ಅದೇ ಮಾತಿಗೆ ಬಂದು ನಿಲ್ಲುತ್ತೇನೆ. ಧೈರ್ಯವೆಂಬುದು ಬೀಳುವವನ ಎದೆಯಲ್ಲಿ ಹುಟ್ಟುವ ಗುಣವೆಂದು ನಾವು ಭಾವಿಸಿದ್ದೇವೆ. ಲೆನೋರ್ಮಾಂನಿಂದ ಇಂದಿನವರೆಗಿನ ಕಥೆಯನ್ನು ನೋಡಿದರೆ ಅದು ದಿನದಿನಕ್ಕೆ ಬೀಳುವವನಿಂದ ಹಿಡಿಯುವವರ ಕಡೆಗೆ ಸರಿಯುತ್ತ ಬಂದಿದೆ. ಗಾರ್ನೆರಾಂನಿಗೆ ಬೇಕಾದಷ್ಟು ಎದೆಗಾರಿಕೆ ನನಗೆ ಬೇಕಾಗಲಿಲ್ಲ. ಅವನ ಛತ್ರಿಯ ತೂಗಾಟ, ಕಾಕಿಂಗನ ಸಾವು, ಡಾಲಿಯ ಬೆನ್ನು, ಅರ್ವಿನ್ನನ ಮುರಿದ ಹರಡು ಎಲ್ಲವೂ ಸೇರಿ ನನ್ನ ಪಾಲಿನ ಭಯವನ್ನು ಮೊದಲೇ ತೀರಿಸಿದ್ದವು. ಹೀಗೆ ಯಾವ ಸಿದ್ಧತೆಯೂ ಇಲ್ಲದ ಒಬ್ಬ ಮಾಸ್ತರ, ನೂರಾರು ಜನರ ಜಾಣ್ಮೆ ಮತ್ತು ಎಚ್ಚರದ ಮೇಲೆ ಕುಳಿತು, ಆಕಾಶದಿಂದ ಇಳಿದು ಬರಬಹುದಾದ ಕಾಲ ಇದು. ಮೈಸೂರಿನಲ್ಲಿಯೂ ಪ್ರವಾಸಿಗರಿಗೆ ಇಂಥ ಜಿಗಿತ ಏರ್ಪಟ್ಟದ್ದುಂಟು. ಛತ್ರಿಸೈನಿಕರ ರೆಜಿಮೆಂಟಿನ ತರಬೇತಿ ಕೇಂದ್ರ ೧೯೯೨ರಿಂದ ಬೆಂಗಳೂರಿನಲ್ಲಿಯೇ ಇದೆ. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಹುಡುಗ ಹುಡುಗಿಯರು ನಾಳೆ ನನಗಿಂತ ಎತ್ತರದಿಂದ ಧುಮುಕಿ ಬಂದಾರು. ಬರಲಿ, ಜನ ಅವರನ್ನು ಹೊಗಳಲಿ.

ಆದರೆ ಮನೆಯ ಹಿರಿಯರು ಅವರಿಗೆ ಅಕ್ಕ ಕೇಳಿದ ಪ್ರಶ್ನೆಯನ್ನೂ ಕೇಳಬೇಕು. ಅರಿವೆ ಮಡಚಿದವರು ಯಾರು? ಕೊಂಡಿಯನ್ನು ಮೂರು ಸಲ ಮುಟ್ಟಿ ನೋಡಿದವರು ಯಾರು? ನಾಳೆ ತರಗತಿಯಲ್ಲಿ ರಾಣೇಬೆನ್ನೂರಿನ ಕೋಟೆ ಬಿದ್ದ ಇಸವಿಯನ್ನು ನಾನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿದೆ. ಪರೀಕ್ಷೆಗೆ ಅದು ಬೇಕು. ಅದರ ಜೊತೆಗೆ, ದೇವರಗುಡ್ಡದ ಕಂಬಳಿಗೆ ಒಟ್ಟು ಎಷ್ಟು ಕೈಗಳು ಬೇಕಾಗುತ್ತವೆಂದು ಈ ಸಲದ ಜಾತ್ರೆಯಲ್ಲಿ ಎಣಿಸಿಕೊಂಡು ಬನ್ನಿರೆಂದು ಹುಡುಗರಿಗೆ ಹೇಳಲಿದ್ದೇನೆ. ಸಾಧ್ಯವಾದರೆ ಅವರ ಹೆಸರುಗಳನ್ನೂ ಕೇಳಿಕೊಂಡು ಬರಲಿ.